ವಿದೇಶಿ ಅತಿಥಿಗೊಂದು ಅರ್ಚನೆ ಚೀಟಿ

೧೪ನೇ ತಾರೀಕು, ಗುರುವಾರ
ಲಾಡ್ಜಿನ ಕೋಣೆ, ಮಧ್ಯಾಹ್ನ

ಚಿರಂಜೀವಿ ಮಗಳಿಗೆ ಅಪ್ಪನ ಅನಂತ ಆಶೀರ್ವಾದಗಳು.

ತಲುಪಿದ ತಕ್ಷಣ ಬರೆಯುತ್ತೇನೆಂದು ಹೇಳಿ ಬಂದು ಆರು ದಿನವಾಯಿತು. ಬೈಯಬೇಡ ತಾಯಿ, ಬರೆಯುವಂಥ ಸುದ್ದಿಯೊಂದು ಆಗಲಿ ಎಂದು ಕಾದೆ. ನಾನು ಬಂದದ್ದು ಉತ್ಸವ ನೋಡುವುದಕ್ಕಲ್ಲ ಎಂಬುದು ನಿನಗೆ ಗೊತ್ತೇ ಇದೆ. ಇಪ್ಪತ್ತೆರಡು ವರ್ಷದಿಂದ ಮಾತು ಬಿಟ್ಟ ನಿನ್ನ ಸೋದರತ್ತೆಯ ಬಾಯಿಂದ ಒಂದೇ ಒಂದು ಸಲ "ಬಂದೆಯೇನೋ" ಅನ್ನಿಸಿಕೊಳ್ಳುವುದಕ್ಕೆ! ಮನೆಗೆ ಹೋದರೆ ಬಾಗಿಲು ಹಾಕಿಯಾಳು. ದೇವರ ಮುಂದೆ, ಇಷ್ಟು ಜನರ ಮುಂದೆ ಹೇಗೆ ಹಾಕುತ್ತಾಳೆ? ಇದು ನನ್ನ ಮಹಾತಂತ್ರ.

ಆಹಾ, ಮೊನ್ನೆ ನನ್ನ ಪ್ರವೇಶವನ್ನು ನೀನು ನೋಡಬೇಕಿತ್ತು! ದೇವಸ್ಥಾನದ ಗೇಟಿನಲ್ಲಿ ಪಾಸ್‌ಪೋರ್ಟ್ ತೋರಿಸಿದ್ದೇ ತಡ, ಎದೆಗೊಂದು ಕೆಂಪು ರಿಬ್ಬನ್ನು, ಅದರ ಮೇಲೆ "ವಿದೇಶಿ ಅತಿಥಿ". ಹಗ್ಗ ಕಟ್ಟಿದ ಶಾಮಿಯಾನದೊಳಗೆ, ಫ್ಯಾನಿನ ಎದುರಿಗೇ ಕುರ್ಚಿ. ನಡುವಯಸ್ಸಿನ ಸ್ವಯಂಸೇವಕನೊಬ್ಬ ಚಪ್ಪಲಿ ಎಲ್ಲಿ ಬಿಡಬೇಕೆಂದು ಇಂಗ್ಲಿಷಿನಲ್ಲಿ ಒಂದೊಂದೇ ಪದ ಉದುರಿಸುತ್ತ ಅಭಿನಯಿಸಿ ತೋರಿಸಿದ. ನಾನು ಗುಡುಗಿದೆ: "ಅಯ್ಯಾ, ನಾನು ಹುಟ್ಟಿದ್ದೇ ಹಿಂದಿನ ಬೀದಿಯಲ್ಲಿ ಕಣಯ್ಯಾ!" ಆತ ಹೆಂಡತಿಯನ್ನು ಕೂಗಿದ: "ಲೇ, ಬಾರೇ ಇಲ್ಲಿ! ಇವರು ನಮ್ಮ ಭಾಷೆ ಎಷ್ಟು ಚೆನ್ನಾಗಿ ಕಲ್ತಿದಾರೆ ನೋಡು!"

ಅರ್ಚನೆಯ ಚೀಟಿ ಬರೆಯುವ ಮೇಜಿನಲ್ಲಿ ಅಕ್ಕ ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದ್ದಾಳೆ. ಭಕ್ತರು ಹೆಸರು, ನಕ್ಷತ್ರ ಹೇಳುತ್ತಾರೆ, ಇವಳು ಬರೆಯುತ್ತಾಳೆ, ಅರ್ಚಕರು ದೇವರ ಮುಂದೆ ಓದುತ್ತಾರೆ.

"ಹೆಸರು?" ಎಂದಳು, ತಲೆಯೆತ್ತದೆ.

"ಗುಂಡ." ಮನೆಯವರು ಮಾತ್ರ ಕರೆಯುತ್ತಿದ್ದ ಹೆಸರು.

ಪೆನ್ನು ನಿಂತಿತು. ನಾಟಕವಾಗಿದ್ದರೆ ಇಲ್ಲಿ ಹಾರ್ಮೋನಿಯಂ ಏರಿ, ತಬಲಾ ಉರುಳಿ, ಅಕ್ಕ ತಮ್ಮ ಅಪ್ಪಿಕೊಂಡು, ಹಿಂದಿನ ಸಾಲಿನವರು ಶಿಳ್ಳೆ ಹೊಡೆಯಬೇಕಿತ್ತು. ನನ್ನ ಹಿಂದಿನ ಸಾಲಿನಲ್ಲಿದ್ದ ಹೆಂಗಸು, "ಸ್ವಲ್ಪ ಬೇಗ ರೀ, ಕಾಲು ಸುಡ್ತಿದೆ" ಎಂದಳು.

"ನಕ್ಷತ್ರ ನಂಗೆ ಗೊತ್ತಿಲ್ಲಕ್ಕಾ. ಯಾವತ್ತೂ ನೀನೇ ಹೇಳ್ತಿದ್ದೆ."

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ರಿಬ್ಬನ್ನು ನೋಡಿದಳು.

"ಹೊರದೇಶದವರಿಗೆ ನಕ್ಷತ್ರ ಬರೆಯಲ್ಲ ಸಾರ್. ದೇಶದ ಹೆಸರು ಹೇಳಿ, ಸಾಕು."

ಹೇಳಿದೆ ಮಗಳೇ. ದುಂಡಗೆ ಬರೆದು ಕೊಟ್ಟಳು. ಅರ್ಚಕರು ಮೈಕಿನಲ್ಲಿ ಓದಿದರು. ಜನ ಚಪ್ಪಾಳೆ ತಟ್ಟಿದರು.

ನಿನ್ನೆ ಮನೆಗೂ ಹೋದೆ. ಒಳಗೆ ಕುಕ್ಕರ್ ಕೂಗುತ್ತಿತ್ತು. ಬಾಗಿಲು ತೆರೆಯಲಿಲ್ಲ. ಶನಿವಾರ ಹೊರಡುತ್ತೇನೆ, ಇನ್ನು ಈ ದಾರಿಗೆ ಬರುವುದಿಲ್ಲ. ನೀನೂ ಅಳಿಯಂದಿರೂ ಸುಖವಾಗಿರಿ, ಒಬ್ಬರಿಗೊಬ್ಬರು ಆಗಿ ಬಾಳಿ.

ಇತಿ,
ನಿನ್ನ ಅಪ್ಪ

ತಾ.ಕ.: ಇಪ್ಪತ್ತೆರಡು ವರ್ಷದ ಹಿಂದೆ ನಿನ್ನ ಅಜ್ಜಿ ತೀರಿಕೊಂಡಾಗ ರಜೆ ಸಿಗಲಿಲ್ಲ ಎಂದು ಹೇಳಿದ್ದೆನಲ್ಲ, ಅದು ಸುಳ್ಳು. ರಜೆ ಸಿಕ್ಕಿತ್ತು. ಆದರೆ ಮೂರನೆಯ ದಿನ ಬೆಳಿಗ್ಗೆ ನನ್ನ ಪೌರತ್ವದ ಪ್ರಮಾಣವಚನವಿತ್ತು. ಮುಂದೂಡಿ ಎಂದು ಕೇಳಿದ್ದರೆ ಮುಂದೂಡುತ್ತಿದ್ದರು, ಕೇಳಲಿಲ್ಲ. ಹೊಸ ಕೋಟು ತೊಟ್ಟು, ಕೈ ಎತ್ತಿ, ಸಭಾಂಗಣ ನಡುಗುವ ಹಾಗೆ ಪ್ರಮಾಣ ಮಾಡಿದೆ. ತಮ್ಮ ಬಂದೇ ಬರುತ್ತಾನೆಂದು ಎರಡು ದಿನ ಅಮ್ಮನನ್ನು ಮಂಜುಗಡ್ಡೆಯ ಮೇಲೆ ಇಟ್ಟುಕೊಂಡು ಕಾದ ಅಕ್ಕ, ಆ ಬೆಳಿಗ್ಗೆ ತಾನೇ ಚಿತೆಗೆ ಬೆಂಕಿ ಇಟ್ಟಳು.