ನಿನ್ನ ಗುರುದೀಕ್ಷೆಗೆ ನಾನು ಬರುವುದಿಲ್ಲ

ಮಿಲ್ಡುರಾ, ವಿಕ್ಟೋರಿಯಾ
ಏಪ್ರಿಲ್ ೧೪, ಭಾನುವಾರ

ಪ್ರೀತಿಯ ಅಪೇಲು,

ನಿನ್ನ ಕಾಗದ ಕೈಸೇರಿ ಹದಿನೈದು ದಿನವಾಯಿತು. ನಾನಿರುವ ಮನೆಯ ಪೆನಿನಾ ಅಕ್ಕ ಅದನ್ನು ಅಡುಗೆಮನೆಯ ಕಿಟಕಿಗೆ ಸಿಕ್ಕಿಸಿ, ನಾನು ಶೆಡ್ಡಿನಿಂದ ಬಂದಕೂಡಲೇ ದಿನಾ "ಗಂಡನಿಗೆ ಉತ್ತರ ಬರೆದ್ಯೇನೇ?" ಎಂದು ಕೇಳುತ್ತಾಳೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಸುಮ್ಮನಾದರೆ ನಾನು ಸಮಾಧಾನ ಹೇಳಲು ಶುರುಮಾಡುತ್ತೇನೆ. ಹೇಳುತ್ತ ಹೇಳುತ್ತ ಹೂಂ ಅಂದುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕೇಳಿದ್ದು ದೊಡ್ಡದೇನಲ್ಲ. ಮೇ ತಿಂಗಳ ಮಹಾಸಭೆಯಲ್ಲಿ ನಿನಗೆ ಗುರುದೀಕ್ಷೆ. ಸವಾಯಿ ದ್ವೀಪದ ಒಂದು ಊರಿನವರು ನಿನ್ನನ್ನು ತಮ್ಮ ಸಭಾಪಾಲಕನಾಗಿ ಬಾ ಎಂದು ಕರೆದಿದ್ದಾರೆ. ಪಕ್ಕದಲ್ಲಿ ಹೆಂಡತಿ ಇಲ್ಲದ ಪಾದ್ರಿಯನ್ನು ಯಾವ ಊರೂ ಒಪ್ಪುವುದಿಲ್ಲ. ಒಂದು ವಾರದ ಮಟ್ಟಿಗೆ ಬಾ, ಬಿಳಿ ಉಡುಪು ತೊಟ್ಟು ಪಕ್ಕದಲ್ಲಿ ನಿಲ್ಲು, ಆಮೇಲೆ ನಿನ್ನಿಷ್ಟ ಎಂದು ಬರೆದಿದ್ದೀಯ. ಕಾಯಿಲೆಬಿದ್ದ ಚಿಕ್ಕಮ್ಮನನ್ನು ನೋಡಿಕೊಳ್ಳಲು ನಾನು ಆಸ್ಟ್ರೇಲಿಯಾಕ್ಕೆ ಹೋಗಿದ್ದೇನೆ ಎಂದು ಎಂಟು ತಿಂಗಳಿಂದ ದೇವಶಾಸ್ತ್ರ ಕಾಲೇಜಿನಲ್ಲಿ ಎಲ್ಲರಿಗೂ ಹೇಳುತ್ತ ಬಂದಿದ್ದೀಯ. ಇಲ್ಲಿ ಕಾಯಿಲೆಯ ಚಿಕ್ಕಮ್ಮ ಯಾರೂ ಇಲ್ಲ. ದ್ರಾಕ್ಷಿ ಇದೆ.

ಗೊಂಚಲಿನಿಂದ ಕೆಟ್ಟ ಹಣ್ಣನ್ನು ಕತ್ತರಿಯಲ್ಲಿ ಬಿಡಿಸಿ, ಒಳ್ಳೆಯದನ್ನು ಡಬ್ಬಿಗೆ ತುಂಬಿ, ತೂಕ ನೋಡಿ ಮುಚ್ಚಳ ಹಾಕುವುದು ನನ್ನ ಕೆಲಸ. ಕೈ ತಾನಾಗಿಯೇ ಮಾಡುತ್ತದೆ. ನಾನು ಎಲ್ಲಿರುತ್ತೇನೋ ಗೊತ್ತಿಲ್ಲ. ಪಕ್ಕದ ಸಾಲಿನ ಟೊಂಗಾದ ಹೆಂಗಸರು ದಿನವಿಡೀ ಹಾಡುತ್ತಾರೆ. ಹಾಡಿನ ರಾಗ ಗುರುತಾಗುತ್ತದೆ, ಅಷ್ಟೇ.

ಮೊದಲ ಭಾನುವಾರ ನಾನು ಆರಾಧನೆಗೆ ಬರುವುದಿಲ್ಲ ಎಂದಾಗ ಪೆನಿನಾ ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು. "ಪಾದ್ರಿ ಹೆಂಡ್ತಿ ಭಾನುವಾರ ಮನೇಲಿ ಕೂತ್ರೆ ಛಾವಣಿ ತಲೆ ಮೇಲೆ ಬೀಳತ್ತೆ ಕಣೇ!" ಎಂದಳು. ಅವರೆಲ್ಲ ಹೋದರು. ಛಾವಣಿ ಬೀಳಲಿಲ್ಲ. ಮುಂದಿನ ವಾರ ಅವಳೇ ಬಾಗಿಲಲ್ಲಿ ತಿರುಗಿ, "ಹೋಗ್ಲಿ ಬಿಡು, ಕೋಳಿನಾದ್ರೂ ಬೇಯಿಸಿಡು. ಪ್ರಸಂಗ ಉದ್ದ ಆದಷ್ಟೂ ಹಸಿವು ಜಾಸ್ತಿ" ಎಂದಳು. ಅಂದಿನಿಂದ ಭಾನುವಾರದ ಊಟ ನನ್ನದೇ. ಈ ಮನೆಯ ಹನ್ನೆರಡು ಜನಕ್ಕೆ ತೆಂಗಿನ ಹಾಲಿನಲ್ಲಿ ಕೆಸುವಿನ ಎಲೆ ಬೇಯಿಸುವ ಆ ಎರಡು ಗಂಟೆ ಮನೆ ತುಂಬ ನಿಶ್ಶಬ್ದ.

ನಿನಗೆ ಹೇಳದೇ ಇದ್ದದ್ದು ಒಂದಿದೆ.

ಮಗು ಹೋದದ್ದಕ್ಕೆ ನನಗೆ ದೇವರ ಮೇಲೆ ಸಿಟ್ಟು ಎಂದು ನೀನು ತಿಳಿದಿದ್ದೀಯ. ನಿನ್ನ ಅಮ್ಮನೂ ಹಾಗೇ ತಿಳಿದಿದ್ದಾರೆ. ನಾನೂ ಹಾಗೇ ತಿಳಿಯಲು ಬಿಟ್ಟೆ, ಯಾಕೆಂದರೆ ಅದು ಎಲ್ಲರಿಗೂ ಅರ್ಥವಾಗುವ ಕಾರಣ. ಆದರೆ ಅದು ನಿಜವಲ್ಲ, ಅಪೇಲು. ಮಗು ಹೊಟ್ಟೆಯಲ್ಲಿ ನಿಲ್ಲುವ ಎಷ್ಟೋ ಮೊದಲಿನ ಮಾತಿದು. ಕಾಲೇಜಿನಲ್ಲಿ ನಮ್ಮ ಎರಡನೆಯ ವರ್ಷ, ಒಂದು ಬುಧವಾರ. ಸಂಜೆ ಪ್ರಾರ್ಥನೆಯ ಗಂಟೆ ಬಾರಿಸಿತು. ನೀನು ಪಕ್ಕದ ಹಳ್ಳಿಗೆ ಹೋಗಿದ್ದೆ, ನಿನ್ನ ಅಮ್ಮ ನಮ್ಮ ಮನೆಗೆ ಬಂದಿದ್ದರು. ಚಾಪೆಯ ಮೇಲೆ ಕೂತು ನಾನೇ ಪ್ರಾರ್ಥನೆ ಮಾಡಿದೆ. ಮಾತುಗಳು ಎಂದಿನಂತೆ ಒಂದರ ಹಿಂದೆ ಒಂದು ಬರುತ್ತಿದ್ದವು. ಅರ್ಧದಲ್ಲಿ ಗೊತ್ತಾಯಿತು, ಅವು ಹೋಗಿ ಸೇರುವ ಜಾಗವೇ ಇಲ್ಲ ಎಂದು. ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಆಮೆನ್ ಹೇಳಿ ಎದ್ದು ಕೆಸುವಿನ ಗೆಡ್ಡೆ ಬೇಯಿತೇ ಎಂದು ನೋಡಲು ಹೋದೆ.

ನಾಳೆ ಸರಿಹೋಗುತ್ತದೆ ಎಂದುಕೊಂಡೆ. ಆಮೇಲೆ ಅದನ್ನೂ ಅಂದುಕೊಳ್ಳುವುದು ಬಿಟ್ಟೆ. ವಿದ್ಯಾರ್ಥಿಗಳ ಹೆಂಡತಿಯರ ಕೂಟದಲ್ಲಿ ನನ್ನ ಪ್ರಾರ್ಥನೆಯನ್ನು ಎಲ್ಲರೂ ಹೊಗಳಲು ಶುರುಮಾಡಿದ್ದು ಅದೇ ವರ್ಷ. ಆದ್ದರಿಂದ ಕಳೆದ ವರ್ಷ ಮಾರ್ಚ್‌ನಲ್ಲಿ ಮಗು ಉಸಿರಿಲ್ಲದೆ ಹುಟ್ಟಿದಾಗ ಸಿಟ್ಟಾಗಲು ನನಗೆ ಯಾರೂ ಉಳಿದಿರಲಿಲ್ಲ. ನೀವೆಲ್ಲ ನನ್ನ ಸುತ್ತ ಕೂತು ಹಾಡಿದಿರಿ. ನಾನು ಚಾಪೆಯ ಅಂಚಿನ ಉಣ್ಣೆಯ ಬಣ್ಣ ನೋಡುತ್ತಿದ್ದೆ. ಕೆಂಪು, ಹಳದಿ, ಮತ್ತೆ ಕೆಂಪು.

ನಿನ್ನ ಕಾಗದ ಬಂದಮೇಲೆ ಹೋಗಿಬಿಡೋಣವೆಂದು ನಾನು ಯೋಚಿಸಲಿಲ್ಲ ಎಂದುಕೊಳ್ಳಬೇಡ. ನಿನ್ನ ಅಮ್ಮನೂ ಫೋನ್ ಮಾಡಿದ್ದರು. ನನ್ನನ್ನು ಹೆಸರು ಹಿಡಿದು ಕರೆಯುವುದನ್ನು ಅವರು ಈಗಲೇ ಬಿಟ್ಟಿದ್ದಾರೆ. ಪಾದ್ರಿಯ ಹೆಂಡತಿಗೆ ಸಲ್ಲುವ ಹೆಸರಿನಿಂದಲೇ ಕರೆದರು. "ಏನಮ್ಮಾ ಫಲೇತುವಾ, ಟೋಪಿ ಹೆಣೀಬೇಕು, ತಲೆ ಅಳತೆ ಕಳಿಸು. ಆಸ್ಟ್ರೇಲಿಯಾಕ್ಕೆ ಹೋದೋರ ತಲೆ ದಪ್ಪ ಆಗತ್ತಂತೆ!" ಎಂದು ಜೋರಾಗಿ ನಕ್ಕರು. ನಾನೂ ನಕ್ಕೆ. ಅಳತೆ ಕಳಿಸಿಲ್ಲ.

ಆಮೇಲೆ ನಾವಿಬ್ಬರೂ ಗೌರವಿಸುವ ಹಿರಿಯ ಫಲೇತುವಾ ಒಬ್ಬರಿಗೆ ಫೋನ್ ಮಾಡಿದೆ. ಯಾರೆಂದು ಬರೆಯುವುದಿಲ್ಲ, ಕೇಳಲೂ ಬೇಡ. ನನ್ನೊಳಗೆ ನಂಬಿಕೆ ಉಳಿದಿಲ್ಲ ಎಂದು ಹೇಳಿದೆ.

"ಅಷ್ಟೇನಾ? ಯಾವನೋ ಗಂಡಸಿನ ವಿಷಯ ಅಂದ್ಕೊಂಡು ಎದೆ ಹೊಡ್ಕೊಂಡಿತ್ತು ಕಣೇ ನಂಗೆ" ಎಂದರು. ಹಿಂದೆಯೇ, "ಹನ್ನೊಂದು ವರ್ಷ ನಂಗೂ ಇರ್ಲಿಲ್ಲ, ಮಗಳೇ. ಮುಂದಿನ ಬೆಂಚಲ್ಲಿ ಕೂತು ಹಾಡ್ತಿದ್ದೆ. ಯಾರಿಗೆ ಗೊತ್ತಾಯ್ತು? ಜನಕ್ಕೆ ಬೇಕಾಗಿದ್ದು ನಾನು ಅವರ ಸಾವಿನ ಮನೇಲಿ ಹೋಗಿ ಕೂರೋದು. ಕೂತೆ" ಎಂದರು.

"ಆಮೇಲೆ ವಾಪಸ್ ಬಂತಾ?" ಎಂದು ಕೇಳಿದೆ.

ಅವರ ಅಂಗಳದಲ್ಲಿ ಹುಂಜ ಕೂಗುವುದು ಕೇಳಿಸಿತು. "ಅಭ್ಯಾಸ ಬಂತು" ಎಂದರು. "ನಿಮ್ಮ ವಯಸ್ಸಿನೋರಿಗೆ ಒಳಗೂ ಹೊರಗೂ ಒಂದೇ ಥರ ಇರ್ಬೇಕು. ನಮ್ಮನ್ನ ಯಾರೂ ಅದನ್ನ ಕೇಳ್ಲೇ ಇಲ್ವಲ್ಲ."

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಮೂರು ದಿನ ನಾನೂ ಹಾಗೆ ಬದುಕಬಲ್ಲೆ ಅನ್ನಿಸಿತ್ತು. ಪರೀಕ್ಷಿಸಿ ನೋಡಲು ಕಳೆದ ಭಾನುವಾರ ಅಕ್ಕನ ಜೊತೆ ಆರಾಧನೆಗೆ ಹೋದೆ. ಮುಗಿದಮೇಲೆ ಮುದುಕರೊಬ್ಬರು ಹತ್ತಿರ ಬಂದರು. ಟಾನಿಯೆಲು ಎಂದು, ಇಪ್ಪತ್ತು ವರ್ಷದಿಂದ ಇಲ್ಲೇ ತೋಟದಲ್ಲಿ ದುಡಿದವರು. ಅವರ ಹೆಂಡತಿ ಆಸ್ಪತ್ರೆಯಲ್ಲಿದ್ದಳು, ಇನ್ನು ಮನೆಗೆ ಬರುವಂತಿರಲಿಲ್ಲ. "ನೀವು ಪಾದ್ರಿಯವರ ಮನೆಯೋರಂತೆ. ಅವಳಿಗೋಸ್ಕರ ನಮ್ಮ ಮಾತಲ್ಲಿ ಒಂದು ಪ್ರಾರ್ಥನೆ ಮಾಡ್ತೀರಾ? ಇಲ್ಲಿನ ಹುಡುಗರು ಇಂಗ್ಲಿಷಲ್ಲಿ ಮಾಡ್ತಾರೆ, ಅವಳಿಗೆ ಮುಟ್ಟಲ್ಲ" ಎಂದರು.

ಮಾಡಿದೆ. ತುಂಬ ಚೆನ್ನಾಗಿ ಮಾಡಿದೆ, ಅಪೇಲು. ಸಮುದ್ರ ಬಂತು, ದಡ ಬಂತು, ತಂದೆಯ ಕೈ ಬಂತು. ಅವರು ನನ್ನ ಎರಡೂ ಕೈ ಹಿಡಿದು ಮಗುವಿನ ಹಾಗೆ ಅತ್ತರು. "ಈಗ ಅವಳು ಹೋದ್ರೂ ಪರವಾಗಿಲ್ಲ" ಎಂದರು. ನಾನು ಅವರ ಬೆರಳುಗಳನ್ನು ನೋಡುತ್ತ ನಿಂತಿದ್ದೆ. ತೂಕ ನೋಡದೆ ಮುಚ್ಚಳ ಹಾಕಿದ ಖಾಲಿ ಡಬ್ಬಿಯನ್ನು ಅವರ ಕೈಗೆ ಕೊಟ್ಟಂತಾಯಿತು. ಅವರು ಅದನ್ನು ಜೋಪಾನವಾಗಿ ಹೆಂಡತಿಯ ಹತ್ತಿರ ಒಯ್ದರು.

ಗುರುವಾರ ಆಕೆ ತೀರಿಕೊಂಡಳು.

ನನ್ನ ಪ್ರಾರ್ಥನೆಯಿಂದ ಅವರಿಗೆ ಒಳ್ಳೆಯದೇ ಆಯಿತೇನೋ. ಆದರೆ ಸವಾಯಿಯಲ್ಲಿ ನಲವತ್ತು ವರ್ಷ, ವಾರಕ್ಕೊಬ್ಬರು ನನ್ನ ಕೈ ಹಿಡಿದು ಹೀಗೆ ಅಳುತ್ತಾರೆ. ನಾನು ಬೆರಳು ನೋಡುತ್ತ ನಿಲ್ಲಬೇಕು. ಬಂದರೆ ಕೆಟ್ಟದಾಗಿ ಮಾಡುತ್ತೇನೆಂದು ನನಗೆ ಭಯವಿಲ್ಲ. ಚೆನ್ನಾಗಿ ಮಾಡುತ್ತೇನೆ, ಅದೇ ಭಯ.

ಆದ್ದರಿಂದ ನಾನು ಬರುವುದಿಲ್ಲ.

ಇದರಿಂದ ನಿನ್ನ ದೀಕ್ಷೆ ಒಂದು ವರ್ಷ ಮುಂದೆ ಹೋಗಬಹುದು, ಆ ಊರು ಬೇರೆಯವರನ್ನು ಕರೆಯಬಹುದು ಎಂದು ಆ ಹಿರಿಯ ಫಲೇತುವಾ ಅವರೇ ಹೇಳಿದರು. ಗೊತ್ತಿದ್ದೂ ಬರೆಯುತ್ತಿದ್ದೇನೆ. ಚಿಕ್ಕಮ್ಮನ ಕಥೆ ಇನ್ನು ಸಾಕು. ಸಭೆಯ ಹಿರಿಯರ ಮುಂದೆ ನಿಜ ಹೇಳು. ನಿನ್ನಿಂದಾಗದಿದ್ದರೆ ಈ ಕಾಗದವನ್ನೇ ತೋರಿಸು, ನನ್ನ ಅಡ್ಡಿಯಿಲ್ಲ.

ನಾನು ನಿನಗೆ ಬೇಡವಾಗಿದ್ದೇನಾ ಎಂದು ಕೇಳಿದ್ದೀಯ. ಇಲ್ಲ. ಬೇಕು ಅನ್ನುವುದೂ ಈಗ ಗೋಡೆಯಾಚೆಯ ಮಾತಿನ ಹಾಗೆ ಕೇಳಿಸುತ್ತದೆ, ಆದರೆ ಕೇಳಿಸುತ್ತದೆ. ದೀಕ್ಷೆ ಬಿಟ್ಟು ಇಲ್ಲಿಗೆ ಬಾ ಎಂದು ಕರೆಯಲಾರೆ. ನೀನು ಅದಕ್ಕೇ ಹುಟ್ಟಿದವನು. ಅಕ್ಟೋಬರಿನಲ್ಲಿ ನನ್ನ ವೀಸಾ ಮುಗಿಯುತ್ತದೆ. ಆಗ ನಾನು ನನ್ನ ತಾಯಿಯ ಮನೆಗೆ ಬರುತ್ತೇನೆ, ಕಾಲೇಜಿಗಲ್ಲ. ಅಲ್ಲಿಗೆ ನೀನು ಬಂದರೆ ಕೂತು ಮಾತಾಡೋಣ. ಬರದಿದ್ದರೂ ನಾನು ದೂರುವುದಿಲ್ಲ.

ಅವರ ಕಾರು ಬಂದ ಸದ್ದಾಯಿತು. ಊಟ ಬಡಿಸಬೇಕು.

ನಿನ್ನ
ಫಿಲೇಮು

ತಾ.ಕ.: ಮಗುವನ್ನು ಮಣ್ಣುಮಾಡಿ ಒಂದು ವಾರವಾಗಿತ್ತು. ನೀನು ಬೆಳಿಗ್ಗೆ ಗ್ರಂಥಾಲಯಕ್ಕೆ ಎಂದು ಹೊರಟೆ. ಪುಸ್ತಕ ಮರೆತಿದ್ದೆ, ಕೊಡೋಣವೆಂದು ನಾನು ಹಿಂದೆಯೇ ಬಂದೆ. ನೀನು ಗ್ರಂಥಾಲಯಕ್ಕೆ ಹೋಗಲೇ ಇಲ್ಲ. ಕೆಸುವಿನ ತೋಟದ ನಡುವೆ ನಿಂತು, ಕೋಲಿನಿಂದ ನೆಲಕ್ಕೆ ಬಡಿಯುತ್ತ, "ಕಳ್ಳ! ಒಂದು ಸಲ ಅಳೋಕೂ ಬಿಡ್ಲಿಲ್ವಲ್ಲೋ ಅದನ್ನ! ಯಾವ ಬಾಯಲ್ಲಿ ನಿನ್ನ ಹೊಗಳಲಿ ನಾನು!" ಎಂದು ಆಕಾಶ ನೋಡಿ ಕೂಗುತ್ತಿದ್ದೆ. ನಾನು ಜೀಗುಜ್ಜೆ ಮರದ ಹಿಂದೆ ನಿಂತು ಎಲ್ಲ ಕೇಳಿದೆ, ಪುಸ್ತಕ ಎದೆಗೊತ್ತಿಕೊಂಡು ಮನೆಗೆ ತಿರುಗಿ ಬಂದೆ. ಆಗ ನನಗಾದದ್ದು ದುಃಖವಲ್ಲ, ಹೊಟ್ಟೆಕಿಚ್ಚು. ಬೈಯಲಾದರೂ ನಿನಗೊಬ್ಬನಿದ್ದ.