ಹೊಸ್ತಿಲವರೆಗಿನ ಕೊಳವೆ

ಅಪ್ಪಾ,

ನಿಮ್ಮ ಆಕ್ಸಿಜನ್ ಮಷಿನ್ ಅನ್ನು, ಅದನ್ನು ಕೊಂಡಿದ್ದ ಅಂಗಡಿಗೇ ವಾಪಸ್ ಕೊಡಲು ಇವತ್ತು ಹೋಗಿದ್ದೆ. ಅಲ್ಲಿ ಒಬ್ಬ ಹೆಂಗಸು ತನ್ನ ಗಂಡನಿಗೆಂದು ಮಷಿನ್ ನೋಡುತ್ತಿದ್ದಳು.

"ಓಡಾಡೋಕಾ, ಮಲಗೋಕಾ?" ಎಂದು ಅಂಗಡಿಯವನು ಕೇಳಿದ. "ಹೆಗಲಿಗೆ ಹಾಕ್ಕೊಳ್ಳೋ ಚಿಕ್ಕದು ಉಸಿರೆಳೆದಾಗ ಮಾತ್ರ ಗಾಳಿ ಬಿಡುತ್ತೆ. ನಿದ್ದೇಲಿ ಉಸಿರು ಸಣ್ಣಗಾದ್ರೆ ಅದಕ್ಕೆ ಗೊತ್ತಾಗದೇ ಇರಬಹುದು. ರಾತ್ರಿಗೆ ದೊಡ್ಡದೇ ಒಳ್ಳೇದು."

"ಇರಿ, ಅವರನ್ನೇ ಕೇಳ್ತೀನಿ," ಎಂದು ಅವಳು ಫೋನ್ ಮಾಡಿದಳು.

ಅಷ್ಟು ಸುಲಭವಾಗಿತ್ತು, ಅಪ್ಪಾ. ನಾನು ನಿಮ್ಮನ್ನು ಕೇಳಲೇ ಇಲ್ಲ. ದೊಡ್ಡದನ್ನು ತಂದು ಗೋಡೆಗೆ ತಾಗಿಸಿ ಇಡಿಸಿದ ದಿನ, "ಇದನ್ನ ಹಾಕ್ಕೊಂಡು ಅಂಗಡಿಗೆ ಹೋಗಬಹುದೇನಮ್ಮಾ?" ಎಂದಿರಿ.

"ಈ ವಯಸ್ಸಲ್ಲಿ ಯಾರ ಗಡಿಯಾರ ರಿಪೇರಿ ಮಾಡ್ಬೇಕು? ಸುಮ್ನೆ ಮಲಕ್ಕೊಳ್ಳಿ," ಎಂದೆ.

ಕೊಳವೆ ಹೊಸ್ತಿಲವರೆಗೆ ಮಾತ್ರ ಬರುತ್ತಿತ್ತು. ಎರಡು ವರ್ಷ ನೀವು ಅಲ್ಲೇ ಕುರ್ಚಿ ಹಾಕಿಕೊಂಡು, ಎದುರು ಸಾಲಿನಲ್ಲಿ ಬೀಗ ಹಾಕಿದ್ದ ನಿಮ್ಮ ಗಡಿಯಾರದ ಅಂಗಡಿಯನ್ನು ನೋಡುತ್ತಾ ಕುಳಿತಿರಿ. ನಾನೋ, ಬಂದವರಿಗೆಲ್ಲ ಮಷಿನ್ ತೋರಿಸಿ ಬೀಗುತ್ತಿದ್ದೆ.

ಆ ಹೆಂಗಸಿನ ಗಂಡ ಫೋನಿನಲ್ಲಿ ಓಡಾಡಬೇಕು ಎಂದನಂತೆ. ಅವಳು ಚಿಕ್ಕದನ್ನು ತೆಗೆದುಕೊಂಡು, ರಾತ್ರಿಗೆ ನಿಮ್ಮದನ್ನೇ ಒಪ್ಪಿಕೊಂಡಳು.

"ನಿಮ್ಮಪ್ಪ ಇದ್ರಲ್ಲಿ ಆರಾಮಾಗಿದ್ರಾ?" ಎಂದು ಕೇಳಿದಳು.

"ಹೂಂ. ಒಂದು ದಿನಾನೂ ತಕರಾರು ಮಾಡ್ಲಿಲ್ಲ," ಎಂದೆ.