ತೊಳೆಯದ ಕೊಡಲಿ

ಮಾನ್ಯ ಸಾಹೇಬರಿಗೆ,

ನಿಮ್ಮ ವರದಿಯ ಭಾಷೆ ತಿದ್ದಿ ಇದರೊಂದಿಗೆ ಇಟ್ಟಿದ್ದೇನೆ. ಎದುರು ನಿಂತರೆ ನನಗೆ ಬಾಯೇ ಬರುವುದಿಲ್ಲ, ಅದಕ್ಕೇ ಈ ಪತ್ರ.

ಜಾಲಿ ಮರದಲ್ಲಿ ಹುಳ ಕೊರೆದು, ಆ ಗಾಯದಲ್ಲಿ ಶಿಲೀಂಧ್ರ ಬೆಳೆದರೆ ಅಂಟು ಹೆಚ್ಚು ಸುರಿಯುತ್ತದೆ, ತೊಗಟೆಗೆ ಕಚ್ಚು ಹಾಕುವ ಕೊಡಲಿಯನ್ನು ತೊಳೆಯದಿದ್ದರೆ ಅದೇ ಆ ಶಿಲೀಂಧ್ರವನ್ನು ಮರದಿಂದ ಮರಕ್ಕೆ ದಾಟಿಸುತ್ತದೆ ಎಂದು ಬರೆದಿದ್ದೀರಿ. ವಾಕ್ಯದಲ್ಲಿ ತಪ್ಪಿಲ್ಲ.

ನಿಮ್ಮ ತೋಪಿನಲ್ಲಿ ಅಂಟು ಇಳಿಸುತ್ತಿದ್ದ ಮುದುಕರೊಬ್ಬರು ಮೂರು ವರ್ಷದ ಹಿಂದೆ ಇದನ್ನೇ ಹೇಳಿದ್ದರು. "ಹುಳ ಮುಟ್ಟದ ಮರ ಯಾಕೆ ಅಳುತ್ತೆ ಸಾಹೇಬ್ರೇ? ಕೊಡಲಿ ತೊಳೆಸಬೇಡಿ." ನೀವು ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಕೊಡಲಿಯನ್ನು ಔಷಧಿಯಲ್ಲಿ ತೊಳೆಸಿದಿರಿ. ಅಂಟು ನಿಂತಿತು. ತೊಳೆದದ್ದೇ ಕಾರಣ ಎಂದು ಅವರು ಅಂದರು. ನೀವು "ಕುಣಿಯಲಾರದವನು ನೆಲ ಡೊಂಕು ಅಂದನಂತೆ" ಎಂದು ಎಲ್ಲರೆದುರು ನಕ್ಕು, ಮೈಗಳ್ಳನೆಂದು ಬರೆದು ಕೆಲಸದಿಂದ ತೆಗೆದಿರಿ.

ಕೃತಜ್ಞತೆಯ ಪುಟದಲ್ಲಿ ನಿಮ್ಮ ಡ್ರೈವರ್ ಹೆಸರೂ ಇದೆ. ಆ ಮುದುಕರ ಹೆಸರಿಲ್ಲ. ನಾನೂ ಸೇರಿಸಿಲ್ಲ, ನನ್ನ ಕೆಲಸ ಕಾಗುಣಿತ ನೋಡುವುದಷ್ಟೇ.

ಒಂದೇ ಕೋರಿಕೆ. ನಿಮ್ಮ ಗಾಜಿನ ಕಪಾಟಿನಲ್ಲಿ 'ಮಾದರಿ' ಎಂಬ ಚೀಟಿ ಅಂಟಿಸಿಟ್ಟಿರುವ ಕೊಡಲಿ ಅವರದು. ಹಿಡಿಯಲ್ಲಿ ಅವರ ಹೆಬ್ಬೆರಳು ಸವೆಸಿದ ಗುಳಿಯಿದೆ. ಈಗ ಅದನ್ನೆತ್ತುವ ಶಕ್ತಿ ಅವರಿಗಿಲ್ಲ, ಆದರೂ ದಿನಾ ಕೇಳುತ್ತಾರೆ. ದಯವಿಟ್ಟು ಕೊಟ್ಟು ಕಳಿಸಿ. ಈ ಸಲ ತೊಳೆಯಬೇಡಿ.

ಇಂತಿ,
ಮೈಗಳ್ಳನ ಮಗಳು